ಮೂರನೇ ಟ್ಯಾಂಕು, ಒಂದು ಕಡಿಮೆ

ನನ್ನ ತಮ್ಮ ಮೆಟ್ಟಿಲು ಹತ್ತಿಕೊಂಡು ಬಂದ ದಿನ ಮನೆಯಲ್ಲಿ ಎಲ್ಲರೂ ಅತ್ತರು. ನಾನೂ ಅತ್ತೆ. ನಾಲ್ಕನೇ ಮಹಡಿಯ ಮನೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಲಿಫ್ಟ್ ಇಲ್ಲದೆ ಇಳಿದವನಲ್ಲ, ಹತ್ತಿದವನಲ್ಲ. ಲಿಫ್ಟ್ ರಿಪೇರಿಯನ್ನೇ ಕಸುಬು ಮಾಡಿಕೊಂಡವನಿಗೆ ಈ ಗತಿ. "ಲಿಫ್ಟ್ ಕೆಟ್ಟಾಗಲೇ ಅಲ್ವಾ ಅಕ್ಕ ನನ್ನ ಕರೆಯೋದು? ಹಾಗಾಗಿ ಊರಿಗೆಲ್ಲ ಲಿಫ್ಟು, ನನಗೆ ಮಾತ್ರ ಮೆಟ್ಟಿಲು" ಎಂದು ಹಿಂದೆಲ್ಲ ನಗುತ್ತಿದ್ದ. ಹೃದಯ ಕೈಕೊಟ್ಟ ಮೇಲೆ ಆ ತಮಾಷೆ ನಿಂತುಹೋಗಿತ್ತು. ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಿದ್ದ.

ಅವತ್ತು ಎರಡೆರಡು ಮೆಟ್ಟಿಲು ಹಾರಿ ಬಂದು ಬಾಗಿಲಲ್ಲಿ ನಿಂತ. ಏದುಸಿರಿಲ್ಲ. ತುಟಿ ನೀಲಿಯಾಗಿರಲಿಲ್ಲ. ಅವನ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡಳು.

"ಈಗ ತಾನೇ ನಿನ್ನ ವಿಷಯಾನೇ ಮಾತಾಡ್ತಿದ್ವಿ. ನಿನಗೆ ನೂರು ವರ್ಷ ಆಯಸ್ಸು ಕಣೋ" ಎಂದೆ ನಾನು.

ಅದು ಅವನಿಗೆ ಇಂಜೆಕ್ಷನ್ ಕೊಟ್ಟ ಇಪ್ಪತ್ತೆರಡನೇ ದಿನ.

ಆ ಇಂಜೆಕ್ಷನ್ ನನ್ನ ಮೀನುಗಳಿಂದ ಬಂದದ್ದು. ಮೀನು ಸಾಕುವುದು ನನ್ನ ಕೆಲಸ. ಮಾರುವುದಕ್ಕಲ್ಲ, ತಿನ್ನುವುದಕ್ಕಲ್ಲ, ಚೆಂದಕ್ಕೂ ಅಲ್ಲ. ಒಂದು ಸಂಶೋಧನಾ ಕಟ್ಟಡದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಸಾಲು ಸಾಲು ಪ್ಲಾಸ್ಟಿಕ್ ಟ್ಯಾಂಕು, ಒಳಗೆ ನನ್ನ ಕಿರುಬೆರಳಿಗಿಂತ ಚಿಕ್ಕದಾದ ಪಟ್ಟೆ ಮೀನು. ನೀರು ಸದಾ ಇಪ್ಪತ್ತೆಂಟು ಡಿಗ್ರಿ. ಪ್ರತಿ ಟ್ಯಾಂಕಿಗೂ ಒಂದು ಸಣ್ಣ ಕೊಳವೆಯಿಂದ ನೀರು ಬೀಳುತ್ತಲೇ ಇರುತ್ತದೆ. ಹದಿನೆಂಟು ವರ್ಷ ಆ ಸದ್ದು ಕೇಳಿದ್ದೇನೆ. ಈಗ ಸದ್ದಿಲ್ಲದ ಜಾಗದಲ್ಲಿ ನನಗೆ ನಿದ್ದೆ ಬರುವುದಿಲ್ಲ. ಮೇಲಿನ ಮಹಡಿಗಳಲ್ಲಿ ಎಷ್ಟೋ ಜನ ಬಂದರು, ನನ್ನ ಮೀನು ಕೊಯ್ದು ಡಾಕ್ಟರೇಟು ತೆಗೆದುಕೊಂಡು ಹೋದರು. ಹೋಗುವಾಗ ನನಗೆ ಒಂದು ಪೆನ್ನೋ ಒಂದು ಡೈರಿಯೋ ಕೊಟ್ಟು "ಮೀನಕ್ಕ, ನೀವಿಲ್ದಿದ್ರೆ ಏನೂ ಆಗ್ತಿರಲಿಲ್ಲ" ಎನ್ನುತ್ತಿದ್ದರು. ನನಗೂ ಅದು ನಿಜವೆಂದೇ ಅನ್ನಿಸುತ್ತಿತ್ತು. ಜಂಬವೆಂದರೆ ಜಂಬ.

ಈ ಮೀನಿಗೆ ಮನುಷ್ಯನಿಗೆ ಬಾರದ ಒಂದು ವಿದ್ಯೆ ಬರುತ್ತದೆ. ಅದನ್ನು ಮತ್ತು ಬರಿಸುವ ನೀರಿನಲ್ಲಿ ಮಲಗಿಸಿ, ಒದ್ದೆ ಸ್ಪಂಜಿನ ಸೀಳಿನಲ್ಲಿ ಹೊಟ್ಟೆ ಮೇಲಾಗಿ ಇಟ್ಟು, ಹೃದಯದ ತುದಿಯನ್ನು ಕತ್ತರಿಸಿ ಮತ್ತೆ ನೀರಿಗೆ ಬಿಟ್ಟರೆ, ಎರಡು ತಿಂಗಳಲ್ಲಿ ಆ ತುದಿ ಬೆಳೆದಿರುತ್ತದೆ. ಕತ್ತರಿಸಿದ ಗುರುತೂ ಇರುವುದಿಲ್ಲ. ನಮ್ಮ ಹೃದಯಕ್ಕೆ ಪೆಟ್ಟು ಬಿದ್ದರೆ ಅಲ್ಲೊಂದು ಗಟ್ಟಿ ಕಲೆ ಕೂರುತ್ತದೆ, ಆ ಭಾಗ ಇನ್ನೆಂದೂ ಬಡಿಯುವುದಿಲ್ಲ. ನನ್ನ ತಮ್ಮನ ಹೃದಯದಲ್ಲಿ ಅಂಥ ಕಲೆ ಅಂಗೈಯ ಅರ್ಧದಷ್ಟಿತ್ತು.

ಇದು ಹೇಗೆ ಎಂದು ನಾನೊಮ್ಮೆ ಡಾಕ್ಟರಮ್ಮನನ್ನು ಕೇಳಿದ್ದೆ. ಆ ಪ್ರಯೋಗಾಲಯದ ಮುಖ್ಯಸ್ಥೆ ಅವರು. ನನಗಿಂತ ಹತ್ತು ವರ್ಷ ಚಿಕ್ಕವರು, ಊಟ ಮರೆಯುವವರು, ಚಪ್ಪಲಿ ಅದಲುಬದಲು ಹಾಕಿಕೊಂಡು ಬರುವವರು. ನನ್ನಂಥವಳು ಕೇಳಿದರೂ ನಿಂತು ಉತ್ತರ ಹೇಳುತ್ತಿದ್ದವರು ಅವರೊಬ್ಬರೇ.

"ಒಂದು ಎಬ್ಬಿಸೋ ಜೀನ್ ಇದೆ ಮೀನಕ್ಕ. ಗಾಯ ಆದ ತಕ್ಷಣ ಅದು ಹೃದಯದ ಸ್ನಾಯುವಿನ ಕೋಶಗಳನ್ನ ಎಬ್ಬಿಸುತ್ತೆ. ಎದ್ದ ಕೋಶ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಜಾಗ ತುಂಬಿದ ಮೇಲೆ ಇನ್ನೊಂದು ಜೀನ್ ಬಂದು ಎಲ್ಲಾನೂ ಮಲಗಿಸುತ್ತೆ. ಎರಡೂ ನಮ್ಮಲ್ಲೂ ಇವೆ. ಆದ್ರೆ ಆ ಎಬ್ಬಿಸೋದು ಇದೆಯಲ್ಲ, ನಾವು ಹುಟ್ಟಿದ ಮೇಲೆ ಮಲಗಿದ್ದು ಮತ್ತೆ ಏಳೋದೇ ಇಲ್ಲ."

"ಅಂಥವರು ನಮ್ಮ ಮನೇಲೂ ಇದಾರೆ" ಎಂದೆ. ಅವರು ನಕ್ಕರು.

ಅವರ ಇಂಜೆಕ್ಷನ್ ಆ ಜೀನನ್ನು ಬಲವಂತವಾಗಿ ಎಬ್ಬಿಸುತ್ತಿತ್ತು. ಇಲಿಯಲ್ಲಿ, ಹಂದಿಯಲ್ಲಿ ಬೇರೆ ಕಡೆ ಕೆಲವು ವಾರ ನೋಡಿದ್ದರು. ಹೃದಯ ಚೆನ್ನಾಗಿ ಬೆಳೆದಿತ್ತು. ಉಳಿದದ್ದು ಒಂದೇ ಪ್ರಶ್ನೆ. ಗಾಯದಿಂದ ತಾನಾಗಿ ಎದ್ದ ಜೀನ್ ತಾನಾಗಿ ಮಲಗುತ್ತದೆ; ಹೊರಗಿನವರು ಕುತ್ತಿಗೆ ಹಿಡಿದು ಎಬ್ಬಿಸಿದರೆ ಅದು ಮತ್ತೆ ಮಲಗುತ್ತದೆಯೇ? ಇದನ್ನು ವರ್ಷಪೂರ್ತಿ ನೋಡುವುದಕ್ಕೆ ಇಟ್ಟದ್ದು ಹದಿನಾಲ್ಕನೇ ಟ್ಯಾಂಕು. ಹನ್ನೆರಡು ಮೀನು. ಅವುಗಳಿಗೆ ಇಂಜೆಕ್ಷನ್ ಆದದ್ದು ಮೂವತ್ತೊಂದು ದಿನಗಳ ಒಂದು ತಿಂಗಳ ಒಂದನೇ ತಾರೀಕು. ಎದ್ದ ಕೋಶಗಳು ನೀಲಿ ದೀಪದಡಿ ಹಸಿರಾಗಿ ಹೊಳೆಯುವಂತೆ ಆ ಇಂಜೆಕ್ಷನ್‌ನಲ್ಲೇ ಏನೋ ಬೆರೆಸಿದ್ದರು. ಹಸಿರು ಆರಿದರೆ ಜೀನ್ ಮಲಗಿತು ಎಂದರ್ಥ.

"ಏನಾದ್ರೂ ವ್ಯತ್ಯಾಸ ಕಂಡ್ರೆ ನನಗೆ ಹೇಳಿ ಮೀನಕ್ಕ" ಎಂದಿದ್ದರು ಡಾಕ್ಟರಮ್ಮ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ನನಗೆ ಕೆಲಸ ಕಲಿಸಿದವರು ಹಳೇ ಮೇಸ್ತ್ರಿ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಮುದುಕರು. ಮೀನಿನ ಕೋಣೆಯಲ್ಲಿ ಅವರು ಹೇಳಿದ್ದೇ ವೇದ. ಅವರ ಮೊದಲ ಪಾಠ: ಟ್ಯಾಂಕಿನಲ್ಲಿ ತೆರಪು ಬಿಡಬೇಡ. ಹನ್ನೆರಡು ಮೀನು ಇರುವ ಕಡೆ ಒಂದು ಸತ್ತು ಹನ್ನೊಂದಾದರೆ, ಉಳಿದವುಗಳಲ್ಲಿ ಬಲಿಷ್ಠವಾದದ್ದು ದೊಡ್ಡಸ್ತಿಕೆ ಶುರುಮಾಡುತ್ತದೆ, ಬಡಪಾಯಿಯ ರೆಕ್ಕೆ ಕಚ್ಚುತ್ತದೆ, ಒಂದರ ಹಿಂದೆ ಒಂದು ಸಾಯುತ್ತವೆ. ಹಾಗಾಗಿ ಬೆಳಿಗ್ಗೆ ದೀಪ ಹಾಕಿದ ಕೂಡಲೇ, ಮೇಲಿನವರು ಬರುವುದಕ್ಕೆ ಮುಂಚೆ, ಸತ್ತದ್ದನ್ನು ತೆಗೆದು ಅದೇ ವಯಸ್ಸಿನ, ಅದೇ ಮೊಟ್ಟೆ ರಾಶಿಯ ಇನ್ನೊಂದನ್ನು ಬಿಡಬೇಕು. ಅಂಥ ಹೆಚ್ಚುವರಿ ಮೀನು ಇರುತ್ತಿದ್ದದ್ದು ಮೂರನೇ ಟ್ಯಾಂಕಿನಲ್ಲಿ. ಅಲ್ಲಿಂದ ಒಂದು ತೆಗೆದ ಮೇಲೆ ಕಡಿಮೆಯಾಗುವುದು ಮೂರನೇ ಟ್ಯಾಂಕು ತಾನೇ? ಆದ್ದರಿಂದ ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ಹೀಗೆ: ಮೂರನೇ ಟ್ಯಾಂಕು, ಒಂದು ಕಡಿಮೆ.

ಇದರಲ್ಲಿ ಮೋಸವಿರಲಿಲ್ಲ. ತಳಿ ಬೆಳೆಸುವ ಟ್ಯಾಂಕುಗಳಲ್ಲಿ ಮೂವತ್ತು ವರ್ಷ ಹಾಗೆಯೇ ನಡೆದಿತ್ತು, ಯಾರ ಗಂಟೂ ಹೋಗಿರಲಿಲ್ಲ. ಹದಿನಾಲ್ಕನೇ ಟ್ಯಾಂಕಿನಲ್ಲೂ ಸತ್ತವು. ಅಲ್ಲೂ ತುಂಬಿದೆ. ವ್ಯತ್ಯಾಸ ಕಂಡರೆ ಹೇಳಿ ಎಂದಿದ್ದರು ನಿಜ. ಆದರೆ ಮೀನು ಸಾಯುವುದು ನನಗೆ ವ್ಯತ್ಯಾಸವಲ್ಲ. ದಿನ ಬೆಳಗಾದರೆ ಕಾಣುವ ಸಂಗತಿ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಹಾಗೆ.

ಅದೂ ಅಲ್ಲದೆ ನನ್ನ ತಲೆ ಆಗ ನೆಟ್ಟಗಿರಲಿಲ್ಲ. ಆ ಟ್ಯಾಂಕು ಶುರುವಾದ ಮುಂದಿನ ತಿಂಗಳು, ಆರನೇ ತಾರೀಕು ಬೆಳಿಗ್ಗೆ, ಬಲೆ ಹಿಡಿದು ನಿಂತಿದ್ದಾಗ ಫೋನು ಬಂತು. ತಮ್ಮ ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ಎದೆ ಹಿಡಿದು ಬಿದ್ದಿದ್ದ. ಬಲೆ ಅಲ್ಲೇ ಬಿಸಾಕಿ ಓಡಿದೆ. ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಬಂದ ಮೇಲೂ ಮೈ ಮಾತ್ರ ಬಂದಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಡಾಕ್ಟರಮ್ಮ ತಿಂಗಳಿಗೊಮ್ಮೆ ನೀಲಿ ದೀಪ ತಂದು ಹದಿನಾಲ್ಕನೇ ಟ್ಯಾಂಕು ನೋಡುತ್ತಿದ್ದರು. ಮೊದಲ ತಿಂಗಳು ಹನ್ನೆರಡರ ಎದೆಯೂ ಹಸಿರು. ಎರಡನೇ ತಿಂಗಳು ಅರ್ಧದಷ್ಟು ಹಸಿರು. "ಮಲಗ್ತಾ ಇವೆ ಮೀನಕ್ಕ, ತಾವಾಗೇ ಮಲಗ್ತಾ ಇವೆ!" ಎಂದು ಅವರು ನನ್ನ ಕೈ ಹಿಡಿದುಕೊಂಡರು. ಮೂರನೇ ತಿಂಗಳು ಒಂದರಲ್ಲೂ ಹಸಿರಿರಲಿಲ್ಲ. ವರ್ಷ ತುಂಬಿದಾಗ ಹನ್ನೆರಡನ್ನೂ ಕೊಯ್ದು ನೋಡಿದರು. ಹೃದಯಗಳು ಎಂದೂ ಯಾರೂ ಮುಟ್ಟದ ಹೃದಯಗಳ ಹಾಗೆ ಇದ್ದವಂತೆ. ಅವತ್ತು ಮೇಲಿನ ಮಹಡಿಯಲ್ಲಿ ಕೇಕು ಕತ್ತರಿಸಿದರು. ನನಗೂ ಒಂದು ತುಂಡು ಕೆಳಗೆ ಬಂತು.

ಆರು ಜನ ರೋಗಿಗಳ ಮೇಲೆ ಪ್ರಯೋಗಕ್ಕೆ ಅನುಮತಿ ಸಿಕ್ಕಿದಾಗ ಡಾಕ್ಟರಮ್ಮನ ಮುಂದೆ ನಿಂತು ಕೈಮುಗಿದವಳು ನಾನೇ. "ಹದಿನೆಂಟು ವರ್ಷದಲ್ಲಿ ಏನೂ ಕೇಳಿಲ್ಲ ಮೇಡಂ. ಇದೊಂದು." ಅವರು ನನ್ನ ತಮ್ಮನ ಕಾಗದಪತ್ರ ನೋಡಿದರು, ಆಸ್ಪತ್ರೆಯವರ ಜೊತೆ ಮಾತಾಡಿದರು. ಆರು ಜನರಲ್ಲಿ ಮೊದಲನೆಯವನು ಅವನೇ ಆದ. ಉಳಿದ ಐವರಿಗೆ ವಾರಕ್ಕೊಬ್ಬರಂತೆ ಕೊಡುವುದೆಂದಾಯಿತು.

ಇಂಜೆಕ್ಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಆ ಆರು ಮನೆಯವರನ್ನೂ ಕೂರಿಸಿ ಡಾಕ್ಟರಮ್ಮ ವಿವರಿಸಿದರು. ಒಂದು ಚಿತ್ರ ತೋರಿಸಿ, "ವರ್ಷದ ಕೊನೆಗೆ ಹನ್ನೆರಡಕ್ಕೆ ಹನ್ನೆರಡೂ ಬದುಕಿದ್ದವು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ನನ್ನ ಕುತ್ತಿಗೆಗೆ ಹೋಯಿತು. ಹನ್ನೆರಡು ಇದ್ದದ್ದು ನಿಜವಲ್ಲವೇ, ಎಂದು ನನಗೆ ನಾನೇ ಹೇಳಿಕೊಂಡೆ. ಒಂದೆರಡು ಸತ್ತಿರಬಹುದು, ಮೀನೆಂದ ಮೇಲೆ ಸಾಯದೇ ಇರುತ್ತವೆಯೇ? ಓದಿದವರು ಎಲ್ಲ ಲೆಕ್ಕ ಹಾಕಿಯೇ ಹೇಳುತ್ತಿರಬೇಕು. ಪಕ್ಕದಲ್ಲಿ ತಮ್ಮನ ಹೆಂಡತಿ ನನ್ನ ಮಂಡಿಯ ಮೇಲೆ ಕೈಯಿಟ್ಟು, "ನಿಮ್ಮ ಮೀನುಗಳು ಪುಣ್ಯ ಮಾಡಿದ್ವು ಅತ್ತಿಗೆ" ಎಂದಳು. ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇದನ್ನು ಬರೆಯುವಾಗ ನನ್ನನ್ನು ನಾನೇ ಬಡಿದುಕೊಳ್ಳಬೇಕು ಎನ್ನಿಸುತ್ತದೆ.

ಇಪ್ಪತ್ತೆರಡನೇ ದಿನ ತಮ್ಮ ಮೆಟ್ಟಿಲು ಹತ್ತಿದ. ಮೂವತ್ತನೇ ದಿನ ನೀರಿನ ಕ್ಯಾನು ಹೆಗಲ ಮೇಲೆ ಹೊತ್ತು ತಂದ. ಊಟಕ್ಕೆ ಕೂತರೆ ಏಳುತ್ತಿರಲಿಲ್ಲ. ಎರಡು ಆಳಿನ ಊಟ ಮುಗಿಸಿ ಪಾತ್ರೆಯ ತಳ ಕೆರೆಯುತ್ತಿದ್ದ. ಅವನ ಹೆಂಡತಿ ಬೈಯುತ್ತಲೇ ಬಡಿಸುತ್ತಿದ್ದಳು. ಆ ಬೈಗುಳದಲ್ಲಿ ಎಷ್ಟು ಸಂತೋಷವಿತ್ತು! ವಾರಕ್ಕೊಮ್ಮೆ ಸ್ಕ್ಯಾನು. "ಸ್ನಾಯು ತುಂಬಿಕೊಳ್ತಾ ಇದೆ, ಅಂದುಕೊಂಡಿದ್ದಕ್ಕಿಂತ ಬೇಗ" ಎಂದು ಆಸ್ಪತ್ರೆಯವರು ಹೇಳಿ ಕಳಿಸುತ್ತಿದ್ದರು. ನನಗೂ ಹಾಲು ಕುಡಿದಷ್ಟು ಸಂತೋಷ.

ಮೂವತ್ತೆಂಟನೇ ದಿನ ರಜೆ. ಮಧ್ಯಾಹ್ನ ಅವರ ಮನೆಗೆ ಹೋದೆ. ತಮ್ಮ ನಡುಮನೆಯಲ್ಲಿ ಟೇಬಲ್ ಫ್ಯಾನಿನ ಎದುರು ನಿಂತಿದ್ದ. ಅಂಗಿಯ ಗುಂಡಿ ಬಿಚ್ಚಿ, ಎದೆಯನ್ನು ಗಾಳಿಗೆ ಒಡ್ಡಿ, ಸ್ವಲ್ಪ ಮುಂದಕ್ಕೆ ಬಾಗಿದ್ದ.

"ಕೂತ್ಕೊಳ್ಳೋ" ಎಂದೆ.

"ಕೂರೋಕಾಗಲ್ಲ ಅಕ್ಕ. ಮೈಯಲ್ಲಿ ಏನೋ ಶಕ್ತಿ ತುಂಬಿ ತುಳುಕ್ತಿದೆ. ಹೀಗೆ ಗಾಳಿಗೆ ಎದುರಾಗಿ ನಿಂತ್ರೆ ಹಾಯಾಗಿರುತ್ತೆ."

"ಮೂರು ದಿನದಿಂದ ಇದೇ ಆಟ ಅತ್ತಿಗೆ" ಎಂದಳು ಅವನ ಹೆಂಡತಿ ಅಡುಗೆಮನೆಯಿಂದ. "ಮಲಗೋದೂ ಇಲ್ಲ. ಫ್ಯಾನ್ ಮುಂದೆ ನಿಂತೇ ಇರ್ತಾರೆ. ಕರೆಂಟು ಹೋದ್ರೆ ಕಿಟಕಿ ಹತ್ರ."

ಅವನು ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದ. ಅವನಿಗದು ಗೊತ್ತಿರಲಿಲ್ಲ. ಒಂದು ಕಾಲು, ಇನ್ನೊಂದು ಕಾಲು, ನಿಲ್ಲದೆ. ಕುತ್ತಿಗೆಯ ಪಕ್ಕದ ನರ ಹೊಡೆದುಕೊಳ್ಳುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಇದನ್ನು ನಾನು ನೋಡಿದ್ದೆ.

ಸಾಮಾನ್ಯವಾಗಿ ಸಾಯುವ ಮೀನು ಮೂಲೆ ಹಿಡಿಯುತ್ತದೆ, ತಿನ್ನುವುದು ಬಿಡುತ್ತದೆ. ಹದಿನಾಲ್ಕನೇ ಟ್ಯಾಂಕಿನವು ಹಾಗಿರಲಿಲ್ಲ. ಸಿಕ್ಕಿದ್ದೆಲ್ಲ ಮುಕ್ಕಿ, ನೀರು ಬೀಳುವ ಕೊಳವೆಗೆ ಎದುರಾಗಿ ಈಜುತ್ತಿದ್ದವು. ಬಿಡುವಿಲ್ಲದೆ, ಇದ್ದ ಜಾಗದಲ್ಲೇ. "ಇವು ನನ್ನ ಪೈಲ್ವಾನರು" ಎಂದು ಹೆಮ್ಮೆಪಟ್ಟಿದ್ದೆ. ಹಾಗೆ ನಾಲ್ಕೈದು ದಿನ ಈಜಿದ ಮೀನು ಒಂದು ಬೆಳಿಗ್ಗೆ ಅದೇ ಕೊಳವೆಯ ಕೆಳಗೆ ಎದೆ ಉಬ್ಬಿಸಿಕೊಂಡು ತೇಲುತ್ತಿತ್ತು. ನಾನು ಬಲೆ ತರುತ್ತಿದ್ದೆ.

ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮೀನುಗಳಿಗೆ ಮೇವು ಹಾಕುವುದಕ್ಕೂ ಮುಂಚೆ ಹಳೆಯ ರಿಜಿಸ್ಟರು ತೆಗೆದೆ. ನನ್ನದೇ ಅಕ್ಷರ. ಒಂದನೇ ತಾರೀಕಿನಿಂದ ಬೆರಳಿಟ್ಟು ಓದುತ್ತಾ ಹೋದೆ. ಮೂರನೇ ಟ್ಯಾಂಕು, ಒಂದು ಕಡಿಮೆ. ಮೂರನೇ ಟ್ಯಾಂಕು, ಒಂದು ಕಡಿಮೆ. ಎರಡೋ ಮೂರೋ ಇರಬೇಕು ಎಂದುಕೊಂಡಿದ್ದೆ. ಹನ್ನೊಂದು ಇದ್ದವು. ಮೊದಲನೆಯದು ನಲವತ್ತೇಳನೇ ದಿನ, ಕೊನೆಯದು ಎಪ್ಪತ್ತೊಂದನೇ ದಿನ. ಆ ತಿಂಗಳುಗಳಲ್ಲಿ ಬೇರೆ ಯಾವ ಟ್ಯಾಂಕಿಗೂ ನಾನು ಅಲ್ಲಿಂದ ಮೀನು ಕೊಟ್ಟಿರಲಿಲ್ಲ. ಎಪ್ಪತ್ತೊಂದರ ನಂತರ ವರ್ಷದ ಕೊನೆಯವರೆಗೆ ಒಂದೂ ಇಲ್ಲ. ಸಾಯುವುದಕ್ಕೆ ಇನ್ನೇನು ಉಳಿದಿತ್ತು?

ಹಸಿರು ಆರಿದ್ದು ಜೀನ್ ಮಲಗಿದ್ದಕ್ಕಲ್ಲ. ಹಸಿರಿದ್ದ ಮೀನನ್ನು ನಾನು ಎತ್ತಿ ಎಸೆದಿದ್ದೆ, ಇಂಜೆಕ್ಷನ್ನೇ ಕಾಣದ ಮೀನನ್ನು ತಂದು ಬಿಟ್ಟಿದ್ದೆ. ಯಾರೂ ಮುಟ್ಟದ ಹೃದಯಗಳ ಹಾಗೆ ಇದ್ದವಂತೆ. ಅವನ್ನು ಯಾರೂ ಮುಟ್ಟಿರಲೇ ಇಲ್ಲ.

ರಿಜಿಸ್ಟರು ಎದೆಗವಚಿಕೊಂಡು ಮೇಲಕ್ಕೆ ಹೋದೆ. ಡಾಕ್ಟರಮ್ಮ ಆಗಷ್ಟೇ ಬಂದು ಚೀಲ ಇಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ಮುಖದಲ್ಲೇ ಉಳಿದು ಕಣ್ಣು ಬದಲಾಯಿತು.

"ನೀವು ಏನು ಮಾಡಿದ್ರಿ ಅಂತ ನಿಮಗೆ ಗೊತ್ತಾಗ್ತಿದೆಯಾ?"

"ಗೊತ್ತಾಗ್ತಿದೆ ಮೇಡಂ."

"ಆರು ಜನ ಮೀನಕ್ಕ! ಆರು ಜನರ ಒಳಗೆ ಅದನ್ನ ಹಾಕಿದ್ದೀನಿ ನಾನು!"

ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೂಗಿ, ಕುರ್ಚಿಗೆ ಬಿದ್ದು, ರಿಜಿಸ್ಟರನ್ನು ಮೂರು ಸಲ ಓದಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು: "ನೀವು ಬೆಳಿಗ್ಗೆ ಕೆಳಗೆ ಏನು ಮಾಡ್ತೀರಿ ಅಂತ ನಾನು ಒಂದು ದಿನಾನೂ ಬಂದು ನೋಡಲಿಲ್ಲ. ತಪ್ಪು ನಿಮ್ಮೊಬ್ಬರದೇ ಅಲ್ಲ."

ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಅವರು ಆಸ್ಪತ್ರೆಗೆ ಫೋನು ಮಾಡಿದರು. ಜೀನನ್ನು ಮಲಗಿಸುವ ಔಷಧಿ ಒಂದಿತ್ತು. ಮನುಷ್ಯರಿಗೆ ಯಾರೂ ಕೊಟ್ಟಿರಲಿಲ್ಲ. ಸಿದ್ಧಪಡಿಸುವುದಕ್ಕೆ ಒಂದು ದಿನ ಬೇಕಿತ್ತು. ಅದನ್ನು ಕೊಟ್ಟರೆ ಬೆಳವಣಿಗೆ ನಿಲ್ಲುತ್ತದೆ, ಹೊಸದಾಗಿ ಬೆಳೆದದ್ದೂ ಬಹುಪಾಲು ಸಾಯುತ್ತದೆ. ತಮ್ಮ ಮೊದಲಿನಂತಾಗುತ್ತಾನೆ. ಗೋಡೆ ಹಿಡಿದು ನಡೆಯುತ್ತಾನೆ.

"ಕೊಡದಿದ್ರೆ?"

ಡಾಕ್ಟರಮ್ಮ ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಮೊದಲನೇದು ನಲವತ್ತೇಳು. ನಿಮ್ಮ ತಮ್ಮನಿಗೆ ಇವತ್ತು ಮೂವತ್ತೊಂಬತ್ತು. ಮೀನಿನ ಲೆಕ್ಕ ಮನುಷ್ಯನಿಗೆ ಹಾಗೇ ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಬರುತ್ತೆ ಅಂದ್ರೂ ಎಂಟು ದಿನ ಇದೆ. ಸಂಜೆಯೊಳಗೆ ಅಡ್ಮಿಟ್ ಮಾಡಿಸಿ. ಉಳಿದ ಐವರಿಗೆ ನಾನು ಹೇಳ್ತೀನಿ." ರಿಜಿಸ್ಟರು ಮುಚ್ಚಿ ಸೇರಿಸಿದರು: "ಹನ್ನೆರಡರಲ್ಲಿ ಒಂದು ಉಳಿದಿತ್ತು ಅನ್ನೋದನ್ನೂ ಮರೀಬೇಡಿ. ಅದರಲ್ಲಿ ಜೀನ್ ನಿಜವಾಗ್ಲೂ ಮಲಗಿತ್ತು."

ಆ ಒಂದನ್ನು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ತಮ್ಮ ಫೋನು ಎತ್ತಲಿಲ್ಲ. ಅವನ ಹೆಂಡತಿ ಎತ್ತಿದಳು. ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ. "ಇವತ್ತಿಂದ ಕೆಲಸಕ್ಕೆ ಹೋದ್ರು ಅತ್ತಿಗೆ! ಬೇಡ ಅಂದ್ರೂ ಕೇಳ್ಲಿಲ್ಲ. ಟೂಲ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟಾಗ ನನಗೆ ಮದುವೆಯಾದ ಹೊಸತು ನೆನಪಾಯ್ತು." ಕಟ್ಟಡದ ಗುರುತು ಕೇಳಿಕೊಂಡು ಇಟ್ಟೆ.

ಒಂಬತ್ತು ಮಹಡಿಯ ಕಟ್ಟಡ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ನೇತುಹಾಕಿತ್ತು. ಮೆಟ್ಟಿಲು ಹತ್ತಿದೆ. ಐದನೇ ಮಹಡಿಗೆ ನನ್ನ ಮಂಡಿ ಸೋತಿತು, ಏಳನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ಮೇಲುಗಡೆ ಯಾರೋ ಸಿಳ್ಳೆ ಹಾಕುತ್ತಿದ್ದರು. ಅವನೇ. ಒಂಬತ್ತನೇ ಮಹಡಿಯ ಮೇಲೆ, ಲಿಫ್ಟಿನ ಮೋಟಾರು ಇರುವ ಪುಟ್ಟ ಕೋಣೆಯಲ್ಲಿ, ಕೈಗೆಲ್ಲ ಗ್ರೀಸು ಬಳಿದುಕೊಂಡು ನಿಂತಿದ್ದ. ಕೋಣೆಯ ಬಾಗಿಲು ತೆಗೆದಿಟ್ಟು, ಗಾಳಿ ಬರುವ ಕಡೆಗೇ ಮುಖ ಮಾಡಿದ್ದ. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

"ಏನಕ್ಕ, ನೀನು ಇಲ್ಲಿ? ಹತ್ಕೊಂಡು ಬಂದ್ಯಾ? ಭೇಷ್! ನಾನು ಓಡ್ಕೊಂಡು ಬಂದೆ, ಗೊತ್ತಾ? ಒಂದು ಸಲಾನೂ ನಿಲ್ಲಲಿಲ್ಲ."

ಅವನ ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತು, ಉಸಿರು ಸಿಕ್ಕಷ್ಟು ಸಿಕ್ಕಷ್ಟೇ ಹೇಳಿದೆ. ಮೇಸ್ತ್ರಿಯ ಪಾಠ, ಮೂರನೇ ಟ್ಯಾಂಕು, ರಿಜಿಸ್ಟರು, ಪೈಲ್ವಾನರು. ಅವನು ಸ್ಪ್ಯಾನರು ಒರೆಸುತ್ತಾ ಕೇಳಿದ. ಹೆಜ್ಜೆ ಮಾತ್ರ ನಿಲ್ಲಲಿಲ್ಲ. ಒಂದು ಕಾಲು, ಇನ್ನೊಂದು ಕಾಲು.

"ಅಂದ್ರೆ ಮತ್ತೆ ಆ ಮಂಚ" ಎಂದ ಕೊನೆಗೆ.

"ಹೌದು ಕಣೋ. ಆದ್ರೆ ಜೀವ ಇರುತ್ತೆ."

"ಅದನ್ನ ಜೀವ ಅಂತೀಯಾ? ಮಗು ಥರ ಎತ್ತಿ ಕೂರಿಸೋದು, ಬಚ್ಚಲಿಗೆ ಕೈ ಹಿಡ್ಕೊ ಅನ್ನೋದು? ಇಲ್ನೋಡು." ಗ್ರೀಸಿನ ಕೈಯಿಂದಲೇ ನನ್ನ ಅಂಗೈ ಎಳೆದು ತನ್ನ ಎದೆಗೆ ಒತ್ತಿಕೊಂಡ. ಬಾಗಿಲ ಆಚೆ ಯಾರೋ ಬಡಿದಷ್ಟು ಜೋರಾಗಿ ಅದು ನನ್ನ ಕೈಗೆ ಬಡಿಯಿತು. ಎದೆಗೂಡು ಎಡಗಡೆ ಒಂದಿಷ್ಟು ಎದ್ದಿತ್ತು. ನನಗೆ ಕೈ ಹಿಂತೆಗೆಯಬೇಕೆನ್ನಿಸಿತು. "ಇಷ್ಟು ಚೆನ್ನಾಗಿರೋದನ್ನ ನಾನೇ ಹೋಗಿ ಸಾಯಿಸಿ ಅಂತ ಕೊಡಬೇಕಾ?"

"ಹನ್ನೊಂದು ಸತ್ತವು ಕಣೋ. ನಾನೇ ಮುಚ್ಚಿಹಾಕಿದೆ. ನಿನ್ನ ಕಾಲು ಹಿಡ್ಕೊತೀನಿ, ಬಾ."

ಅವನು ಮತ್ತೆ ಸ್ಪ್ಯಾನರು ಒರೆಸತೊಡಗಿದ. ತಲೆಯೆತ್ತಿದಾಗ ಅವನ ಕಣ್ಣಿನಲ್ಲಿ ಚಿಕ್ಕಂದಿನ ಹಟ ಇತ್ತು.

"ಹನ್ನೆರಡನೇದು?"

"ಏನು?"

"ಹನ್ನೆರಡನೇ ಮೀನು ಅಕ್ಕ. ಅದು ಬದುಕಿತಲ್ಲ? ನಾನೇ ಆ ಹನ್ನೆರಡನೇದು ಯಾಕಾಗಿರಬಾರದು?"

'ಬದುಕಿತು' ಎನ್ನಲು ಬಾಯಿ ತೆರೆದೆ. ಡಾಕ್ಟರಮ್ಮನೇ ಹೇಳಿದ್ದರಲ್ಲ. ಆದರೆ ಆ ಮೀನನ್ನು ನೆನಪಿಸಿಕೊಳ್ಳಲು ಹೋದಾಗ ನನಗೆ ಕಂಡದ್ದು ನನ್ನದೇ ಕೈ. ಕೈಯಲ್ಲಿ ಬಲೆ. ಫೋನು ಬಡಿದುಕೊಳ್ಳುತ್ತಿದೆ. ಅವತ್ತು ನಾನು ನಿಂತಿದ್ದದ್ದು ಯಾವ ಟ್ಯಾಂಕಿನ ಮುಂದೆ?

ಹದಿನಾಲ್ಕರ ಮುಂದೆ. ಹೊಸ ಮೀನನ್ನು ಆಗಷ್ಟೇ ಬಿಟ್ಟಿದ್ದೆ. ಸತ್ತದ್ದನ್ನು ಒಂದು ಕಾಗದದ ಮೇಲೆ ಇಟ್ಟಿದ್ದೆ. ರಿಜಿಸ್ಟರು ತೆರೆದಿತ್ತು, ಪೆನ್ನು ಮುಟ್ಟಿರಲಿಲ್ಲ. ನಾಲ್ಕು ದಿನದ ಮೇಲೆ ಬಂದಾಗ ಆ ಕಾಗದದಲ್ಲಿ ಅದು ಒಣಗಿ ಅಂಟಿಕೊಂಡಿತ್ತು. ಕಸದ ಬುಟ್ಟಿಗೆ ಹಾಕಿದೆ. ಬರೆಯಲೇ ಇಲ್ಲ.

ಈಗ ಸುಳ್ಳು ಹೇಳಿದ್ದರೆ ಅವನು ಬರುತ್ತಿರಲಿಲ್ಲ. ನಿಜ ಹೇಳಿದರೆ ಅವನಿಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಹದಿನೆಂಟು ವರ್ಷ ನಾನು ತೆರಪು ತುಂಬಿದವಳು. ಈ ಸಲ ತುಂಬಲಿಲ್ಲ.

"ಅದೂ ಸತ್ತಿತ್ತು. ಬರೆಯೋದು ಮರೆತಿದ್ದೆ."

"ಯಾವಾಗ?"

"ನೀನು ಬಿದ್ದ ದಿನ ಬೆಳಿಗ್ಗೆ."

ಅವನು ಬಿದ್ದ ತಾರೀಕು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಆಗಲೇ ಹೇಳಿದ್ದ ಹಾಗೆ ಒಂದನೇ ತಾರೀಕಿಗೆ ಮೀನುಗಳಿಗೆ ಇಂಜೆಕ್ಷನ್, ಮುಂದಿನ ತಿಂಗಳ ಆರಕ್ಕೆ ಅವನು ಬಿದ್ದದ್ದು. ಲೆಕ್ಕ ನನಗಿಂತ ಮೊದಲು ಅವನಿಗೆ ಸಿಕ್ಕಿತು.

"ಮೂವತ್ತಾರು" ಎಂದ. ಸ್ಪ್ಯಾನರು ಕೆಳಗಿಟ್ಟ. "ನನಗೆ ಇವತ್ತು ಮೂವತ್ತೊಂಬತ್ತು ಅಲ್ವಾ ಅಕ್ಕ?"

ನಾನು ಅವನ ತೋಳು ಹಿಡಿದೆ. ಎಂಟು ದಿನವಿಲ್ಲ, ನಾಳೆಯೂ ಇಲ್ಲ. ಈಗಲೇ ಆಸ್ಪತ್ರೆಗೆ ತಲುಪಬೇಕು. ಅವನು ಈ ಸಲ ಜಗಳ ಮಾಡಲಿಲ್ಲ. ಕೈ ಒರೆಸಿಕೊಂಡು, ಮೋಟಾರಿನ ಸ್ವಿಚ್ಚು ಆರಿಸಿ, ಬಾಗಿಲು ಹಾಕಿದ. ಲಿಫ್ಟು ಇನ್ನೂ ಸರಿಯಾಗಿರಲಿಲ್ಲ.

"ನಿಧಾನಕ್ಕೆ. ಒಂದೊಂದೇ ಮೆಟ್ಟಿಲು" ಎಂದೆ. ಅವನ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ಹಾಗೆಯೇ ಇಳಿದೆವು, ಅವನು ಬಿದ್ದ ಮೊದಲ ತಿಂಗಳುಗಳಲ್ಲಿ ನಡೆಸಿದ ಹಾಗೆ. ಅವನ ಎದೆಬಡಿತ ನನ್ನ ಭುಜಕ್ಕೆ ತಾಗುತ್ತಿತ್ತು. ಎಂಟು. ಏಳು.

ಆರನೇ ಮಹಡಿಯ ತಿರುವಿನಲ್ಲಿ ಕಿಟಕಿ ತೆರೆದಿತ್ತು. ಹೊರಗಿನಿಂದ ಗಾಳಿ ಜೋರಾಗಿ ನುಗ್ಗುತ್ತಿತ್ತು. ಅವನು ನಿಂತ. ಕೈಯನ್ನು ನನ್ನ ಹೆಗಲಿನಿಂದ ಬಿಡಿಸಿಕೊಂಡು, ಕಿಟಕಿಯ ಕಡೆ ತಿರುಗಿ, ಎದೆಯೊಡ್ಡಿ, ಸ್ವಲ್ಪ ಮುಂದಕ್ಕೆ ಬಾಗಿದ.

"ಬಾರೋ" ಎಂದೆ. ಅಂಗಿ ಹಿಡಿದು ಎಳೆದೆ. "ಬಾರೋ, ಬಂಗಾರ, ಇನ್ನು ಆರೇ ಮಹಡಿ."

"ಒಂದ್ನಿಮಿಷ ಅಕ್ಕ" ಎಂದ ಅವನು, ನನ್ನತ್ತ ನೋಡದೆ. "ಇಲ್ಲಿ ಹಾಯಾಗಿದೆ."